ನೂರಕ್ಕೆ ಎರಡು

ಗಾಡಿ ವಾಡಿ ಸ್ಟೇಷನ್ ಬಿಟ್ಟು, ಸಿಮೆಂಟಿನ ಚಿಮಣಿಗಳು ಕಿಟಕಿಯಿಂದ ಮರೆಯಾಗುವವರೆಗೂ ರತ್ನದೀಪ ಫೋನನ್ನು ಜೇಬಿನಿಂದ ತೆಗೆಯಲಿಲ್ಲ. ತೆಗೆದರೆ ಆ ಪುಟವೇ ಮೊದಲು ಕಾಣಿಸುತ್ತದೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಅವನು ಚಹಾ ಕುಡಿಯುತ್ತಿದ್ದಾಗ ಹೆಂಡತಿ ಲುಂಬಿನಿಯೇ ಅದನ್ನು ತೆರೆಸಿ, ಹಿಟ್ಟು ಗಾಜಿಗೆ ತಾಗದ ಹಾಗೆ ಕಿರುಬೆರಳಿನಿಂದ ತೋರಿಸಿದ್ದಳು. ಪಾವತಿ ಶುಲ್ಕವನ್ನು ಯಾರು ಭರಿಸಬೇಕು ಎಂದು ಕೇಳುವ ಒಂದು ಸಾಲು. ಅದರ ಕೆಳಗೆ ಎರಡು ಸಣ್ಣ ವೃತ್ತಗಳು, ಒಂದು ಮಾರುವವರದು, ಒಂದು ಕೊಳ್ಳುವವರದು. ಅಂಗಡಿ ತೆರೆದಾಗಿನಿಂದ ಚುಕ್ಕೆ ಮಾರುವವರ ವೃತ್ತದೊಳಗೇ ಕೂತಿತ್ತು. ಅದನ್ನು ಕೆಳಗಿನದಕ್ಕೆ ಇಳಿಸಲು ಒಂದು ಬೆರಳು ಸಾಕು. ಸಂಜೆ ಹೊಸ ಆರ್ಡರು ಶುರುವಾಗುವುದರೊಳಗೆ ಇಳಿಸಿಬಿಡ್ರಿ ಎಂದು ಹೇಳಿ ಅವಳು ಒಲೆಯ ಕಡೆ ತಿರುಗಿದ್ದಳು. ಅದು ಜಗಳದ ಧ್ವನಿಯಾಗಿರಲಿಲ್ಲ. ಜಗಳವಾಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಈಗ ಕಾಲಬುಡದಲ್ಲಿ ರೊಟ್ಟಿಯ ಕಟ್ಟು ಇಟ್ಟುಕೊಂಡು, ಅದು ಎದುರಿನವರ ಬೂಟಿಗೆ ತಾಗದಂತೆ ಎರಡು ಪಾದಗಳ ನಡುವೆ ಹಿಡಿದುಕೊಂಡು, ಅವನು ಹೊರಗಿನ ತೊಗರಿ ಹೊಲಗಳನ್ನು ನೋಡುತ್ತಿದ್ದ. ಒಂದು ಬೆರಳಿನ ಕೆಲಸಕ್ಕೆ ತನಗೆ ಇಡೀ ದಿನ ಏಕೆ ಬೇಕು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ರೊಟ್ಟಿ ಬಡಿಯುವವರು ಲುಂಬಿನಿ, ಅವನ ತಾಯಿ ಪೀರಮ್ಮ, ಮತ್ತು ಓಣಿಯ ಇಬ್ಬರು ಹೆಂಗಸರು. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಮುರಿದರೆ ಸಪ್ಪಳವಾಗುವಷ್ಟು ಒಣಗಿಸಿದ ಜೋಳದ ಖಡಕ್ ರೊಟ್ಟಿ. ಜೊತೆಗೆ ಶೇಂಗಾ ಹಿಂಡಿ, ಎಂದರೆ ಕುಟ್ಟಿದ ಚಟ್ನಿಪುಡಿ. ಸೇಡಂ, ಶಹಾಬಾದ್, ಚಿಂಚೋಳಿಯ ಕಟ್ಟುಗಳು ಬಸ್ಸಿನಲ್ಲಿ ಹೋಗುತ್ತವೆ. ಚಿತ್ತಾಪುರದ್ದನ್ನು ಅವನೇ ಒಯ್ಯುತ್ತಾನೆ, ಅಲ್ಲಿಯ ಒಂದು ಕಾಲೇಜಿನಲ್ಲಿ ಅವನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಮೊದಮೊದಲು ಆರ್ಡರು ಫೋನಿಗೇ ಬರುತ್ತಿದ್ದವು, ರೊಕ್ಕವೂ ನಂಬರಿಗೇ ಬೀಳುತ್ತಿತ್ತು, ಯಾವ ರೊಕ್ಕ ಯಾವ ಕಟ್ಟಿನದೆಂದು ತಾಳೆ ಹಾಕುವುದರಲ್ಲಿ ಮನೆಯವರೆಲ್ಲ ಹೈರಾಣಾಗುತ್ತಿದ್ದರು. ಆಮೇಲೆ ಅವನೇ ಒಂದು ಕಂಪನಿಯನ್ನು ಹಿಡಿದ. ಅಂಗಡಿಯ ಪುಟ, ಗಿರಾಕಿಯ ವಿಳಾಸ, ಹಣ, ಎಲ್ಲವೂ ಒಂದೇ ಕಡೆ. ಆ ಪುಟದಲ್ಲಿ ಹಣ ಯಾವ ದಾರಿಯಿಂದ ಬಂದರೂ ಕಂಪನಿ ನೂರಕ್ಕೆ ಎರಡು ರೂಪಾಯಿ ಹಿಡಿದುಕೊಳ್ಳುತ್ತದೆ, ಆ ಎರಡರ ಮೇಲೆ ತೆರಿಗೆ ಬೇರೆ. ಅಂಗಡಿಗೆ ಹೆಸರಿಡುವಾಗ ಲುಂಬಿನಿ ಅತ್ತೆಯ ಹೆಸರನ್ನೇ ಇಡೋಣ ಎಂದಿದ್ದಳು. ಅವನು ಕಾಗಿಣಾ ಎಂದ. ಹೊಳೆಗೆ ಅಡ್ಡಹೆಸರಿಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಕಾಗಿಣಾ ಎಂದರೆ ಈ ಭಾಗದವರಿಗೆಲ್ಲ ಗೊತ್ತು ಎಂದಷ್ಟೇ ಹೇಳಿದ. ಪೀರಮ್ಮ ನಕ್ಕಿದ್ದಳು. ಹೊಳೆಯ ಹೆಸರಿಟ್ಟರೆ ಹೊಳೆ ಬಂದು ಹಿಟ್ಟು ನಾದುತ್ತದೇನೋ ಎಂದಿದ್ದಳು.

ಲುಂಬಿನಿಯ ವಾದ ಸರಳವಾಗಿತ್ತು, ಅವಳು ಅದನ್ನು ಒಂದೇ ಸಲಕ್ಕೆ ಮಂಡಿಸಲಿಲ್ಲ. ಒಂದು ವಾರದಿಂದ, ಜೋಳ ಹಸನು ಮಾಡುತ್ತ ಸ್ವಲ್ಪ, ಹೊದಿಕೆ ಮಡಚುತ್ತ ಸ್ವಲ್ಪ, ಹೇಳುತ್ತ ಬಂದಿದ್ದಳು. ತಿಂಗಳ ಕೊನೆಗೆ ಕಂಪನಿಗೆ ಹೋಗುವ ಹಣದಲ್ಲಿ ಒಂದು ಗ್ಯಾಸ್ ಸಿಲಿಂಡರ್ ಬರುತ್ತದೆ. ರೈಲಿನ ಟಿಕೆಟ್ಟು ಫೋನಿನಲ್ಲಿ ತೆಗೆಯುವಾಗ ಅವನು ಮೇಲಿನ ಶುಲ್ಕವನ್ನು ಕಣ್ಣೆತ್ತಿಯೂ ನೋಡದೆ ಕೊಡುತ್ತಾನೆ, ತಾನು ಕೊಳ್ಳುವಾಗ ಕೊಡುವವನು ಮಾರುವಾಗ ಕೇಳಲು ಏಕೆ ಹಿಂಜರಿಯಬೇಕು? ಅವನು ಗಿರಾಕಿಗಳು ಓಡಿಹೋಗುತ್ತಾರೆ ಎಂದ. ರೊಟ್ಟಿಯ ಬೆಲೆಯಲ್ಲೇ ಎರಡು ರೂಪಾಯಿ ಸೇರಿಸಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಅದಕ್ಕೆ ಅವಳು ಒಪ್ಪಲಿಲ್ಲ. ರೊಟ್ಟಿಯ ಬೆಲೆ ರೊಟ್ಟಿಯದು, ಕಂಪನಿಯದು ಕಂಪನಿಯದು. ಎರಡನ್ನೂ ಕಲಸಿ ರೊಟ್ಟಿಯ ಹೆಸರಲ್ಲಿ ಸುಳ್ಳು ಏಕೆ ಹೇಳಬೇಕು ಎಂದಳು. ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಆಗ ಅವಳು ಅವನ ಕಡೆ ನೋಡದೆ, ಮೊರದೊಳಗಿನ ಒಂದು ಹರಳನ್ನು ಹುಡುಕುತ್ತಲೇ ಕೇಳಿದ್ದಳು: “ನಮ್ಮ ಕೈಯಿಂದ ಮಾಡಿದ ರೊಟ್ಟಿ ತಿಂದು ಅವರು ನಮಗ ಉಪಕಾರ ಮಾಡಾಕತ್ತಾರೇನ್ರಿ?”

ಆ ಪ್ರಶ್ನೆ ಅವನನ್ನು ಗಾಡಿಯೊಳಗೂ ಬಿಟ್ಟಿರಲಿಲ್ಲ. ಅದಕ್ಕೆ ಉತ್ತರಿಸುವುದನ್ನು ತಪ್ಪಿಸಿಕೊಳ್ಳಲು ಅವನು ಆ ರಾತ್ರಿ ಲೆಕ್ಕ ಮಾಡಿದ್ದ. ಕಂಪನಿಯ ಶುಲ್ಕವನ್ನು ಗಿರಾಕಿಯ ಮೇಲೆ ಹಾಕಬೇಕಾದರೆ ಬೆಲೆಗೆ ನೂರಕ್ಕೆ ಎರಡು ಸೇರಿಸಿದರೆ ಸಾಲದು. ಸೇರಿಸಿದ ಆ ಎರಡರ ಮೇಲೂ ಕಂಪನಿ ತನ್ನ ಪಾಲು ಕೇಳುತ್ತದೆ, ಅದನ್ನೂ ಸೇರಿಸಿದರೆ ಅದರ ಮೇಲೂ ಕೇಳುತ್ತದೆ. ಶುಲ್ಕದ ಮೇಲೆ ಶುಲ್ಕ, ಅದರ ಮೇಲೆ ಶುಲ್ಕ, ಕೊನೆಯಿಲ್ಲದ ಒಂದು ಸಾಲು, ಆದರೆ ಪ್ರತಿ ಹೆಜ್ಜೆಗೂ ಎಷ್ಟು ಸಣ್ಣದಾಗುತ್ತದೆಂದರೆ ಒಟ್ಟು ಮೊತ್ತ ಒಂದು ಸಂಖ್ಯೆಯ ಹತ್ತಿರ ಹೋಗಿ ನಿಂತುಬಿಡುತ್ತದೆ. ಅದು ನಿಲ್ಲುವ ಜಾಗವನ್ನು ಕಂಡಾಗ ಅವನಿಗೆ ಒಂದು ಬಗೆಯ ಸಂತೋಷವಾಯಿತು, ಮರುಕ್ಷಣವೇ ನಾಚಿಕೆಯೂ ಆಯಿತು. ಪಕ್ಕದಲ್ಲಿ ಲುಂಬಿನಿ ಅಂಗೈ ಮೇಲಾಗಿ ಮಲಗಿದ್ದಳು. ಬಡಿದು ಬಡಿದು ಅವಳ ಅಂಗೈಯ ರೇಖೆಗಳು ನುಣ್ಣಗಾಗಿ ಮಾಸಿದ್ದವು. ತನ್ನ ತಾಯಿಯ ಅಂಗೈಯೂ ಹೀಗೇ ಇತ್ತು, ಆದರೆ ಅದು ಬೇರೆಯವರ ಹೊಲದಲ್ಲಿ ಕಳೆ ತೆಗೆಯುವ ಕುರುಪಿಯಿಂದ ಆದದ್ದು.

ಅವನು ಹುಟ್ಟಿ ಬೆಳೆದದ್ದು ನಾಲವಾರದ ಆಚೆಯ ಹಳ್ಳಿಯಲ್ಲಿ. ಕೇರಿಯವರು ಕಿರಾಣಿ ಅಂಗಡಿಗೆ ಹೋದರೆ ಮೆಟ್ಟಿಲ ಕೆಳಗೆ ನಿಲ್ಲಬೇಕು. ಮೆಟ್ಟಿಲ ಪಕ್ಕದಲ್ಲಿ ಒಂದು ಫರ್ಸಿ ಕಲ್ಲು ಹಾಸಿತ್ತು, ಶಹಾಬಾದಿನ ಕಡೆಯದು, ಮಳೆಗಾಲದಲ್ಲಿ ಕಪ್ಪಗೆ ಮಿಂಚುವಂಥದು. ರೊಕ್ಕವನ್ನು ಅದರ ಮೇಲಿಟ್ಟು ಹಿಂದೆ ಸರಿಯಬೇಕು. ಅಂಗಡಿಯವನು ನೀರು ಚಿಮುಕಿಸಿ ರೊಕ್ಕ ಎತ್ತಿಕೊಂಡು, ಪುಡಿಕೆಯನ್ನು ಅದೇ ಕಲ್ಲಿನ ಮೇಲಿಟ್ಟು ಒಳಗೆ ಹೋಗುತ್ತಾನೆ. ಇದರಲ್ಲಿ ಸಿಟ್ಟಾಗಲಿ ಬೈಗುಳವಾಗಲಿ ಇರುತ್ತಿರಲಿಲ್ಲ, ಬಾವಿಗೆ ಹಗ್ಗ ಬಿಟ್ಟಂತೆ ಎಲ್ಲರೂ ತಮ್ಮ ಪಾಡಿಗೆ ಮಾಡುತ್ತಿದ್ದರು. ಒಂದು ಚಳಿಗಾಲದ ಮುಂಜಾನೆ ಚಹಾಪುಡಿಗೆಂದು ಹೋದಾಗ ಅಂಗಡಿಯಲ್ಲಿ ಅಂಗಡಿಯವನ ಮಗಳು, ಶಾಲೆಯಲ್ಲಿ ಅವನ ತರಗತಿಯ ಭಾಗ್ಯಶ್ರೀ ಒಬ್ಬಳೇ ಕೂತಿದ್ದಳು. ಅವನು ಕಲ್ಲಿನ ಮೇಲಿಡಲು ಅಂಗೈ ಬಿಚ್ಚಿದ. ಅವಳು ಅಪ್ಪನ ಹಾಗೆ ಗಂಭೀರವಾಗಿ, ದೊಡ್ಡವರ ಚುರುಕಿನಿಂದ, ಬಗ್ಗಿ ಅವನ ಅಂಗೈಯಿಂದಲೇ ನಾಣ್ಯ ಎತ್ತಿಕೊಂಡಳು. ಬೆರಳ ತುದಿ ತಾಗಿತು. ಒಳಗಿನಿಂದ ಅಪ್ಪ ನೋಡಿದ. ಅವನು ರತ್ನದೀಪನಿಗೆ ಏನೂ ಅನ್ನಲಿಲ್ಲ. ಅವತ್ತು ಶಾಲೆಗೆ ಅವಳು ತಲೆಯಿಂದ ನೀರು ಸುರಿಯುತ್ತಿದ್ದ ಹಾಗೇ ಬಂದಳು. ತಣ್ಣೀರಿನ ಸ್ನಾನ. ಹಲ್ಲು ಕಟಕಟ ಅನ್ನುತ್ತಿದ್ದವು. ಬಿಸಿಲಿನ ಚೌಕದಲ್ಲಿ ಕೂತು ಅವನ ಕಡೆ ನೋಡಿದಳು, ಕೋಪದಿಂದಲ್ಲ, ಅವನ ಕೈಯಲ್ಲಿ ಏನಿದೆ ಎಂದು ತಿಳಿದುಕೊಳ್ಳುವವಳ ಹಾಗೆ. ಅವಮಾನಗಳನ್ನೆಲ್ಲ ಅವನು ಓದುತ್ತ ಓದುತ್ತ ದಾಟಿದ್ದ. ಅವುಗಳಿಗೆ ಪುಸ್ತಕಗಳಿದ್ದವು, ಸಭೆಗಳಿದ್ದವು, ಜೈಭೀಮ್ ಎಂದು ಎದೆಯೆತ್ತಿ ಹೇಳುವ ಧೈರ್ಯವಿತ್ತು. ಆ ಒದ್ದೆ ತಲೆಗೆ ಮಾತ್ರ ಯಾವ ಸಭೆಯಲ್ಲೂ ಉತ್ತರ ಸಿಗಲಿಲ್ಲ. ತನ್ನ ಕೈ ತಾಗಿದ್ದಕ್ಕೆ ಇನ್ನೊಬ್ಬರು ನಡುಗಿದ್ದರು.

ಗಾಡಿ ಚಿತ್ತಾಪುರಕ್ಕೆ ಬಂದಾಗ ಚುಕ್ಕೆ ಇದ್ದಲ್ಲೇ ಇತ್ತು. ಅವನು ಕಟ್ಟು ಎತ್ತಿಕೊಂಡು ಕೋರ್ಟಿನ ಹಿಂದಿನ ಓಣಿಯ ಕಡೆ ನಡೆದ. ಮೊದಲ ಮನೆ ಸೂಗಮ್ಮನದು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರ ಹೆಂಡತಿ, ಅವರು ತೀರಿಕೊಂಡು ವರ್ಷಗಳಾಗಿವೆ. ತಮ್ಮನ ಸಂಸಾರದೊಂದಿಗೆ ಇದ್ದಾರೆ, ಆ ಮನೆಯಲ್ಲಿ ಖಡಕ್ ರೊಟ್ಟಿ ತಿನ್ನುವವರು ಅವರೊಬ್ಬರೇ. ವಾರ ತಪ್ಪದೆ ತರಿಸುತ್ತಾರೆ. ನಿನ್ನೆ ಅವರ ಹಣ ಪುಟದಲ್ಲಿ ದಾಟಲೇ ಇಲ್ಲ. ಬೆಳಿಗ್ಗೆ ಅವರು ಫೋನು ಮಾಡಿದ್ದಕ್ಕೆ ಅವನು, ರೊಟ್ಟಿ ತರುತ್ತೇನೆ, ಬಾಗಿಲಲ್ಲೇ ಇನ್ನೊಮ್ಮೆ ಪ್ರಯತ್ನಿಸೋಣ ಎಂದಿದ್ದ. ಪುಟದಲ್ಲಿ ಬಾಗಿಲಲ್ಲಿ ನಗದು ಕೊಡುವ ಅನುಕೂಲವೂ ಇತ್ತು, ಅದನ್ನು ಅವನು ಮೊದಲ ದಿನವೇ ಮುಚ್ಚಿದ್ದ. ಚಿಲ್ಲರೆಯ ತಾಪತ್ರಯ ಎಂದು ಲುಂಬಿನಿಗೆ ಕಾರಣ ಹೇಳಿದ್ದ.

ಸೂಗಮ್ಮ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ರೊಟ್ಟಿ ಮಾಸ್ತರು ಬಂದ್ರು ಎಂದು ಒಳಗಿನವರಿಗೆ ಕೇಳುವಂತೆ ಹೇಳಿ, ಎಂದಿನಂತೆ ಒಳಗೆ ಬರ್ರಿ ಎಂದರು. ಕ್ಲಾಸಿಗೆ ತಡವಾಗುತ್ತದೆ ಎಂದು ಅವನೂ ಎಂದಿನಂತೆ ಮೆಟ್ಟಿಲ ಕೆಳಗೇ ನಿಂತ. ನಿಮ್ಮ ಕ್ಲಾಸು ನನ್ನ ಮನೆ ಮುಂದೇ ಹೆಚ್ಚು ತಡವಾಗುತ್ತದೆ ನೋಡಿ ಎಂದು ಅವರು ನಕ್ಕರು. ಆಮೇಲೆ ಇಬ್ಬರೂ ಆ ಫೋನಿನ ಮೇಲೆ ಬಗ್ಗಿದರು. ಗುಪ್ತಸಂಖ್ಯೆ ಒತ್ತುವಾಗ ಸೂಗಮ್ಮ, ಪಾಟಿ ಮರೆ ಮಾಡುವ ಶಾಲೆಯ ಹುಡುಗಿಯ ಹಾಗೆ, ಮೊಣಕೈ ಅಡ್ಡ ಇಟ್ಟರು. ಬಳೆಯಿಲ್ಲದ ಕೈ. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಆಮೇಲೆ ಆಗಲಿಲ್ಲ ಎಂಬ ಸಾಲು ಬಂತು. ಇನ್ನೊಮ್ಮೆ ಹಾಕಿದರು, ಮತ್ತೆ ಅದೇ. ಅವನು ಸಂಜೆ ಹಾಕಿದರಾಯಿತು ಎಂದ. ಅವರು ಕೇಳಲಿಲ್ಲ. ತಿಂದು ಮುಗಿಸಿದ ಮೇಲೆ ರೊಕ್ಕ ಕೊಡುವ ಚಾಳಿ ತನಗಿಲ್ಲ, ನಗದೇ ತರುತ್ತೇನೆ ಎಂದು ಎದ್ದು, ಅವನು ಬೇಡ ಎನ್ನುತ್ತಿದ್ದಂತೆಯೇ ಒಳಗೆ ಹೋದರು.

ಅವನು ಒಬ್ಬನೇ ನಿಂತ. ಕಟ್ಟೆಗೆ ಹಾಸಿದ್ದೂ ಫರ್ಸಿ ಕಲ್ಲೇ. ಈ ಸೀಮೆಯಲ್ಲಿ ಕೂಡುವುದು, ಮಲಗುವುದು, ರೊಟ್ಟಿ ಬಡಿಯುವುದು ಎಲ್ಲ ಅದರ ಮೇಲೆಯೇ, ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೂ ಅವನು ಅದನ್ನು ನೋಡುತ್ತ ನಿಂತ. ಸೂಗಮ್ಮ ಹೊರಗೆ ಬಂದರು. ಒಂದು ಐನೂರರ ನೋಟು, ಒಂದು ನೂರರದು, ಉದ್ದಕ್ಕೆ ಮಡಚಿ ಎರಡು ಬೆರಳ ನಡುವೆ ಹಿಡಿದಿದ್ದರು. ಕೈ ಮುಂದೆ ಚಾಚಿದರು. ಅವನ ಕೈ ಹಿಂದಕ್ಕೆ ಹೋಗಿ ಹೆಗಲ ಚೀಲದ ಪಟ್ಟಿಯನ್ನು ಹಿಡಿದುಕೊಂಡಿತು. ಅದು ಹೋದದ್ದು ಅವನಿಗೆ ಗೊತ್ತಾದದ್ದು ಹೋದ ಮೇಲೆ. ಬಾಯಿಯೂ ಅದರ ಹಿಂದೆಯೇ ಹೋಯಿತು.

“ಅಲ್ಲೇ ಕಟ್ಟಿ ಮ್ಯಾಲ ಇಡ್ರಿ ಅಮ್ಮಾ.”

ಸೂಗಮ್ಮನ ಕೈ ಗಾಳಿಯಲ್ಲೇ ನಿಂತಿತು. ಮುಖದ ಮೇಲಿದ್ದ ನಗು ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಇದ್ದು ಖಾಲಿಯಾಯಿತು. ಅವರು ಕೈಯನ್ನು ಮೆಲ್ಲಗೆ ಎಳೆದುಕೊಂಡು, ನೋಟುಗಳನ್ನು ಸೆರಗಿನ ಮರೆಗೆ ತಂದುಕೊಂಡರು, ಯಾರೂ ನೋಡಬಾರದ ವಸ್ತುವೊಂದನ್ನು ತಾವೇ ಹೊರಗೆ ತಂದಿದ್ದವರ ಹಾಗೆ.

“ಬೋಣಿ ಆಗಿಲ್ಲಂತ ಕಾಣಸ್ತದ,” ಎಂದರು.

ಅವನಿಗೆ ಅರ್ಥವಾಗಲಿಲ್ಲ. ಏನ್ರಿ ಎಂದು ಕೇಳಿದ.

“ತಪ್ಪು ನಂದೇ. ಮುಂಜಾನಿ ಎದ್ದು ನಾ ರೊಕ್ಕ ಹಿಡದು ಎದುರಿಗೆ ಬರಬಾರದಿತ್ತು. ಯಾಪಾರ ಮಾಡೋರು ನೀವು, ದಿನದ ಮೊದಲನೇ ರೊಕ್ಕ ನನ್ನ ಕೈಲೆ ಹ್ಯಾಂಗ ತೊಗೋತೀರಿ.” ಅವರು ಕಟ್ಟೆಯ ಮೇಲೆ ಕೂತರು. ಧ್ವನಿಯಲ್ಲಿ ದೂರಿರಲಿಲ್ಲ, ಹವಾಮಾನ ಹೇಳುವವರ ಹಾಗೆ ಹೇಳಿದರು. “ಕಾಯಿಪಲ್ಯದ ದಾನಮ್ಮ ದಿನಾ ಬರ್ತಾಳ. ಮಾತಾಡ್ತಾಳ, ನಗ್ತಾಳ, ನಾ ಕೊಟ್ಟ ಚಾ ಬಿ ಕುಡೀತಾಳ. ಬೋಣಿ ಆಗಿರಲಿಲ್ಲಂದ್ರ ರೊಕ್ಕ ಮಾತ್ರ ಮುಟ್ಟಂಗಿಲ್ಲ. ಹೊಳ್ಳಿ ಬರ್ತೀನ್ರಿ ಅಂತ ಹೋಗಿ, ಮೊದಲ ಯಾರರ ಮುತ್ತೈದಿ ಕೈಲೆ ತೊಗೊಂಡು ಆಮ್ಯಾಲ ಬರ್ತಾಳ. ಲಿಂಗ ಕಟ್ಟಿದವರಿಗೆ ಇದೆಲ್ಲಾ ಇಲ್ಲ ಅಂತ ನಮ್ಮವರು ಇದ್ದಾಗ ಭಾಳ ಹೇಳ್ತಿದ್ರು. ದಾನಮ್ಮಗ ಯಾರು ಹೇಳಬೇಕು?” ಫೋನನ್ನು ಮಡಿಲಲ್ಲಿ ತಿರುಗಿಸಿದರು. “ಅದಕ್ಕೇ ನನಗ ಈ ಫೋನ್ ಛಲೋ ಅನಸ್ತದ. ರೊಕ್ಕ ಯಾರ ಕೈಯಿಂದ ಬಂತು ಅಂತ ಅದು ನೋಡಂಗಿಲ್ಲ.”

ಅವನ ಎದೆಯೊಳಗೆ ಇಷ್ಟು ದಿನ ಯಾರಿಗೂ ಕೇಳಿಸದ ಹಾಗೆ ಇದ್ದ ಮಾತು ಅದು. ಅದನ್ನು ಎದುರಿಗೆ ಕೂತ, ವಿಭೂತಿ ಮಾತ್ರವಿದ್ದ ಹಣೆಯ ಹೆಂಗಸು ಅಕ್ಷರ ತಪ್ಪದೆ ಹೇಳಿದ್ದರು. ಕಣ್ಣು ಮಂಜಾದ ಈ ವಯಸ್ಸಿನಲ್ಲಿ ಅವರು ಆ ಸಣ್ಣ ಅಕ್ಷರಗಳ ಪುಟದೊಂದಿಗೆ ವಾರವಾರವೂ ಗುದ್ದಾಡುತ್ತಿದ್ದದ್ದು ಏಕೆಂದು ಅವನಿಗೆ ಈಗ ತಿಳಿಯಿತು. ಬೋಣಿ ವಾಡಿಯಲ್ಲೇ ಆಗಿದೆ ಎಂದು ಒಂದು ಸುಳ್ಳು ಹೇಳಬಹುದಿತ್ತು. ಹೇಳಿದರೆ, ಮತ್ತೆ ಕಟ್ಟೆಯ ಮೇಲೆ ಇಡಲು ಏಕೆ ಹೇಳಿದಿರಿ ಎಂದು ಅವರು ಕೇಳುವುದಿಲ್ಲ. ಆದರೆ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾರೆ, ತಾವೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ, ಆ ಉತ್ತರದೊಂದಿಗೆ ಒಳಗೆ ಹೋಗಿ ರೊಟ್ಟಿ ಮುರಿಯುತ್ತಾರೆ. ನಿಜ ಹೇಳಿದರೆ ರೊಟ್ಟಿಯನ್ನು ಮುರಿಯದೆಯೂ ಇರಬಹುದು. ಇಷ್ಟು ದಿನ ತಿಂದದ್ದನ್ನು ನೆನೆಸಿಕೊಂಡು, ಯಾರೂ ಇಲ್ಲದಾಗ ತಲೆಗೆ ನೀರು ಹಾಕಿಕೊಳ್ಳಲೂಬಹುದು. ಅವರು ಕಾಯುತ್ತಿದ್ದರು. ಕೇಳದೆ ಕಾಯುತ್ತಿದ್ದರು.

“ಅದಲ್ರಿ ಅಮ್ಮಾ,” ಎಂದ. “ನಾವು ಕೇರಿಯವರು. ಬೌದ್ಧರು. ನಮ್ಮೂರಾಗ ಅಂಗಡಿಯವರು ರೊಕ್ಕ ನಮ್ಮ ಕೈಯಿಂದ ತೊಗೋತಿರಲಿಲ್ಲ, ಕಲ್ಲ ಮ್ಯಾಲ ಇಡಬೇಕಿತ್ತು. ನನ್ನ ಕೈಗೆ ಅದೇ ರೂಢಿ ಆಗ್ಯದ. ನೀವೇನೂ ತಪ್ಪು ಮಾಡಿಲ್ಲ.”

ಸೂಗಮ್ಮ ಅವನನ್ನು ನೋಡಿದರು. ಆ ನೋಟ ಎಷ್ಟು ಹೊತ್ತು ಇತ್ತು ಎಂದು ಅವನು ಆಮೇಲೆ ಎಷ್ಟೋ ಸಲ ಅಳೆಯಲು ನೋಡಿದ. ಪ್ರಯೋಗಶಾಲೆಯಲ್ಲಿ ಬ್ಯುರೆಟ್ಟಿನ ಗಾಜಿನ ಕೊಳವೆಯ ತುದಿಗೆ ಹನಿಯೊಂದು ತುಂಬಿಕೊಂಡು ತೂಗುತ್ತದೆ, ಬೀಳುವುದಿಲ್ಲ, ಬೀಳುವುದಿಲ್ಲ ಎಂದೂ ಹೇಳಲಾಗುವುದಿಲ್ಲ. ಕೆಳಗೆ ಬಣ್ಣವಿಲ್ಲದ ದ್ರಾವಣ ಬಣ್ಣ ತಿರುಗಲು ಕಾಯುತ್ತಿರುತ್ತದೆ. ಸೆರಗಿನ ಮರೆಯ ಕೈ ಆ ಹೊತ್ತಿನಲ್ಲಿ ಇನ್ನಷ್ಟು ಒಳಗೆ ಸರಿಯಿತೇ, ಹೊರಗೆ ಬರಲು ಹವಣಿಸಿತೇ, ಅವನು ನೋಡಲಾರದೆ ಹೋದ. ಓಣಿಯಲ್ಲಿ ಯಾರೋ ಸೈಕಲ್ ತುಳಿದುಕೊಂಡು ಹೋದರು.

“ಅದಿರಲಿ,” ಎಂದರು ಸೂಗಮ್ಮ. “ಬೋಣಿ ಆಗ್ಯದೋ ಇಲ್ಲೋ, ಅದು ಹೇಳ್ರಿ.”

“ಆಗಿಲ್ರಿ.”

“ಮತ್ತ?”

“ನಿಮ್ಮದೇ ಆಗಲಿ,” ಎಂದು ಅವನು ಮೆಟ್ಟಿಲು ಹತ್ತಿ ಅಂಗೈ ಚಾಚಿದ.

ಅವರ ಬೆರಳುಗಳು ಒಣಗಿ ತಣ್ಣಗಿದ್ದವು. ನೋಟನ್ನು ಇಡುವಾಗ ಮೊದಲು ತುದಿ, ಆಮೇಲೆ ಇಡೀ ಬೆರಳು ಅವನ ಅಂಗೈಗೆ ತಾಗಿತು, ಅವರು ಅವಸರ ಮಾಡಲಿಲ್ಲ. ಬೋಣಿ, ರಾಹುಕಾಲ, ಬೆಕ್ಕು ಅಡ್ಡ ಬರುವುದು, ಇವನ್ನೆಲ್ಲ ಅವನು ತರಗತಿಯಲ್ಲಿ ಹಾಸ್ಯ ಮಾಡುತ್ತಿದ್ದ. ಮಕ್ಕಳು ನಗುತ್ತ ಬರೆದುಕೊಳ್ಳುವಂತೆ ಹೇಳುತ್ತಿದ್ದ. ಈಗ ಆ ಎರಡು ನೋಟುಗಳನ್ನು, ತಾಯಿ ಕೂಲಿಯ ಮೊದಲ ರೊಕ್ಕಕ್ಕೆ ಮಾಡುತ್ತಿದ್ದ ಹಾಗೆ, ಒಂದು ಕಣ್ಣಿಗೆ ಒತ್ತಿಕೊಂಡು ಆಮೇಲೆ ಇನ್ನೊಂದಕ್ಕೆ ಒತ್ತಿಕೊಂಡ. ಕಣ್ಣು ತೆರೆದಾಗ ಸೂಗಮ್ಮ ಮುಖ ತಿರುಗಿಸಿ ಗೋಡೆಯ ಪಕ್ಕದ ತುಳಸಿಯ ಒಣ ಎಲೆ ಚಿವುಟುತ್ತಿದ್ದರು. ಅವನು ಅವರ ಪಾಲಿನ ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟು ಇಳಿದ. ಗೇಟು ದಾಟಿದ ಮೇಲೆ ಹಿಂದಿನಿಂದ ಧ್ವನಿ ಬಂತು, ಮುಂದಿನ ವಾರದ ಹಿಂಡಿಗೆ ಬಳ್ಳೊಳ್ಳಿ ಕಡಿಮೆ ಹಾಕಿಸಬೇಕಂತೆ, ಎದೆ ಉರಿಯುತ್ತದಂತೆ. ಆಯ್ತ್ರಿ ಎಂದು ಕೂಗಿ ಹೇಳಿದ. ತಿರುವಿನಲ್ಲಿ ಅವನಿಗೆ ಹೊಳೆಯಿತು, ನಿಜ ಕೇಳಿದ ಮೇಲೆ ಅವರು ಒಳಗೆ ಬರ್ರಿ ಎಂದು ಇನ್ನೊಮ್ಮೆ ಕರೆಯಲಿಲ್ಲ. ಕರೆಯಲು ತಾನು ಬಿಡುವು ಕೊಟ್ಟಿರಲೂ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಲು ಹೋಗಿ ಅವನು, ಉಳಿದ ಮನೆಗಳ ರೊಟ್ಟಿ ಕೊಟ್ಟ ಮೇಲೆ, ಕಾಲೇಜಿನ ಗೇಟನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದ.

ಮಧ್ಯಾಹ್ನದ ಗಾಡಿಯಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಫೋನು ತೆಗೆದು ಆ ಪುಟವನ್ನು ತೆರೆದ. ನೂರಕ್ಕೆ ಎರಡು. ಕಂಪನಿ ಅದಕ್ಕೆ ತಕ್ಕ ಕೆಲಸ ಮಾಡುತ್ತದೆ, ಅದರಲ್ಲಿ ಅನ್ಯಾಯವೇನಿಲ್ಲ; ಹಣವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ, ನಡುವೆ ಯಾವ ಕೈಯೂ ಕಾಣದ ಹಾಗೆ ಒಯ್ದು ಮುಟ್ಟಿಸುತ್ತದೆ. ಹಾಗೆ ಒಯ್ಯಲಿ ಎಂದು ಬಯಸಿದವರು ಕೂಲಿ ಕೊಡಬೇಕು. ಬಯಸಿದವನು ತಾನು. ಗಿರಾಕಿಗಳಲ್ಲಿ ಎಷ್ಟು ಜನ ಬಾಗಿಲಲ್ಲೇ ನೋಟು ಕೊಟ್ಟು ಮುಗಿಸುತ್ತಿದ್ದರೋ, ಆ ಬಾಗಿಲನ್ನು ಮುಚ್ಚಿದವನು ತಾನು. ಆದರೆ ಕೂಲಿ ಹೋದದ್ದು ತನ್ನ ಸಂಬಳದಿಂದಲ್ಲ. ಲುಂಬಿನಿಯ ರೊಟ್ಟಿಯಿಂದ, ತಾಯಿಯ ರೊಟ್ಟಿಯಿಂದ, ಒಲೆಯ ಮುಂದೆ ಕೂತು ಬೆವರುವ ಆ ಇಬ್ಬರು ಹೆಂಗಸರ ರೊಟ್ಟಿಯಿಂದ. ತನ್ನ ಕೈಯನ್ನು ಬಚ್ಚಿಡಲು ಅವನು ಅವರ ಕೈಗಳಿಂದ ಬಾಡಿಗೆ ಕಟ್ಟಿಸುತ್ತಿದ್ದ. ಉಪಕಾರ ಮಾಡಾಕತ್ತಾರೇನ್ರಿ ಎಂದು ಅವಳು ಕೇಳಿದ್ದು ಗಿರಾಕಿಗಳ ಬಗ್ಗೆ ಎಂದು ಅವನು ತಿಳಿದಿದ್ದ; ಕೇಳಿದ್ದು ಅವನನ್ನೇ ಕುರಿತು. ಗಾಡಿ ವೇಗ ತಗ್ಗಿಸಿತು. ಹೊರಗೆ ಕಲ್ಲಿನ ಗಣಿಯೊಂದರಲ್ಲಿ ನಿಂತ ಮಳೆನೀರು ಹಸಿರಾಗಿತ್ತು.

ಮನೆಯಲ್ಲಿ ಸಂಜೆಯ ಬಡಿತ ಶುರುವಾಗಿತ್ತು. ಲುಂಬಿನಿ ತಲೆಯೆತ್ತಿ ನೋಡಿದಳು. ಅವನು ಒಲೆಯ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತು, ಅವಳಿಗೆ ಕಾಣುವ ಹಾಗೆ ಫೋನು ಹಿಡಿದು, ಮೊದಲು ಬಾಗಿಲಲ್ಲಿ ನಗದು ಎಂಬುದನ್ನು ತೆರೆದ, ಆಮೇಲೆ ಚುಕ್ಕೆಯನ್ನು ಕೊಳ್ಳುವವರ ವೃತ್ತಕ್ಕೆ ಇಳಿಸಿದ. ಬೇಕಾದವರು ಫೋನಿನಲ್ಲಿ ಕೊಟ್ಟು ಅದರ ಕೂಲಿ ಕೊಡಲಿ, ಬೇಡವಾದವರು ಕೈಯಲ್ಲಿ ಕೊಡಲಿ ಎಂದ. ಅವಳು ವಾರವಿಡೀ ಕೂಡಿಟ್ಟಿದ್ದ ವಾದಗಳು ಕೆಲಸಕ್ಕೆ ಬಾರದೆ ಉಳಿದದ್ದಕ್ಕೋ ಏನೋ, ಹಂಚಿನ ಮೇಲಿನ ರೊಟ್ಟಿಯನ್ನು ಅಗತ್ಯಕ್ಕಿಂತ ಹೆಚ್ಚು ಸಲ ಮಗುಚಿ ಹಾಕಿದಳು. ಕೈಯಲ್ಲಿ ಅಂದರೆ ಯಾರ ಕೈಯಲ್ಲಿ ಎಂದು ಕೇಳಿದಳು. ಚಿತ್ತಾಪುರದವರು ನನ್ನ ಕೈಯಲ್ಲಿ ಎಂದು ಅವನು ಹೇಳಿದ. ಆಗ ಬೆಳಗಿನದನ್ನೆಲ್ಲ ಹೇಳಿದ. ಭಾಗ್ಯಶ್ರೀಯ ಒದ್ದೆ ತಲೆಯ ತನಕ ಹೋದ, ಅಷ್ಟು ದೂರ ಹೋಗುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಪೀರಮ್ಮ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

“ಅಕಿ ಕೈ ಹಿಂದ ತೊಗೊಂಡ್ಳೇನು?” ಎಂದು ಲುಂಬಿನಿ ಕೇಳಿದಳು.

“ಗೊತ್ತಾಗಲಿಲ್ಲ.”

“ಮುಂದಿನ ವಾರದ್ದು ಬೇಕಂದ್ಳಿಲ್ಲೊ?”

“ಬೇಕಂತ. ಹಿಂಡಿಗೆ ಬಳ್ಳೊಳ್ಳಿ ಕಡಿಮಿ ಅಂತ.”

ಲುಂಬಿನಿ ಒಂದು ಗಳಿಗೆ ಯೋಚಿಸಿ, ಅವರದ್ದನ್ನು ಬೇರೆಯಾಗಿಯೇ ಕುಟ್ಟಬೇಕಾಗುತ್ತದೆ ಎಂದಳು. ಅಷ್ಟೇ. ಆಗಲೇ ಫೋನು ಸದ್ದು ಮಾಡಿತು. ಸೇಡಮಿನ ಯಾರೋ ಒಬ್ಬರು, ಹೊಸ ಗಿರಾಕಿ. ರೊಟ್ಟಿಯ ಬೆಲೆ, ಅದರ ಕೆಳಗೆ ಪಾವತಿ ಶುಲ್ಕ ಎಂಬ ಹೊಸ ಸಾಲು, ಅದರ ಕೆಳಗೆ ಒಟ್ಟು. ಏನಿದು ಹೆಚ್ಚಿಗೆ ಎಂದು ಕೇಳುತ್ತಾರೆ ಎಂದು ಅವನು ಕಾದ. ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲಿ ಎರಡು ಸಲ ತಿದ್ದಿದ. ಹಣ ಬಂದಿದೆ ಎಂಬ ಗುರುತು ಬಂತು. ಶುಲ್ಕ ಸಮೇತ. ಒಂದು ಮಾತೂ ಇರಲಿಲ್ಲ.

“ಏನಂದ್ರು?” ಎಂದಳು ಪೀರಮ್ಮ.

“ಏನೂ ಅನಲಿಲ್ಲಬೇ.”

“ಮತ್ತ ಇಷ್ಟು ದಿನ ಸುಮ್ಮನ ಕೊಟ್ಟೆಲ್ಲೋ ಯಪ್ಪಾ,” ಎಂದು ಪೀರಮ್ಮ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಓಣಿಯ ಹೆಂಗಸರು ನಕ್ಕರು, ಲುಂಬಿನಿ ತುಟಿ ಕಚ್ಚಿ ನಗು ತಡೆದಳು, ಅವನಿಗೂ ನಗು ಬಂತು. ನಗುತ್ತಲೇ ಅವನು ಎದ್ದು ಜೇಬಿಗೆ ಕೈ ಹಾಕಿ ಸೂಗಮ್ಮನ ನೋಟುಗಳನ್ನು ತೆಗೆದ. ಅವು ಇನ್ನೂ ಅವರು ಮಡಚಿದ ಹಾಗೇ ಉದ್ದಕ್ಕೆ ಇದ್ದವು.

“ಬೋಣಿದು,” ಎಂದ.

ಗೋಡೆಯ ಗೂಡಿನಲ್ಲಿಡಿ, ನನ್ನ ಕೈ ಹಿಟ್ಟಾಗಿದೆ ಎಂದು ಅವಳು ಗದ್ದದಿಂದ ತೋರಿಸಿದಳು. ಅವನ ಕಾಲು ಆಗಲೇ ಆ ಕಡೆ ಹೊರಟಿತ್ತು. ಗೂಡಿನ ಹತ್ತಿರ ಹೋಗಿ ನಿಂತ. ತಿಂಗಳ ಸಂಬಳ, ಬಸ್ಸಿನ ಚಿಲ್ಲರೆ, ಅವಳು ಕೇಳಿದ ರೊಕ್ಕ, ಎಲ್ಲವನ್ನೂ ಮದುವೆಯಾದಾಗಿನಿಂದ ಅವನು ಅಲ್ಲೇ ಇಟ್ಟು ಸರಿಯುತ್ತಿದ್ದ, ಅವಳು ಆಮೇಲೆ ಬಂದು ಎತ್ತಿಕೊಳ್ಳುತ್ತಿದ್ದಳು. ಅವಳ ಕೈಗೆ ಒಮ್ಮೆಯಾದರೂ ಕೊಟ್ಟದ್ದು ಅವನಿಗೆ ನೆನಪಾಗಲಿಲ್ಲ.

“ಯಾಕ ನಿಂತ್ರಿ?” ಎಂದಳು ಲುಂಬಿನಿ.

“ಕೈ ತೊಳಕೊ. ನಿಂದರ್ತೀನಿ.”

ಹಂಚಿನ ಮೇಲೆ ರೊಟ್ಟಿ ಇತ್ತು, ಅದು ಆಗುವವರೆಗೆ ಅವಳು ಏಳುವಂತಿರಲಿಲ್ಲ. ಒಂದು ಮಗ್ಗುಲು ಆಯಿತು, ಇನ್ನೊಂದು ಮಗ್ಗುಲು ಆಯಿತು. ಅವನು ನೋಟು ಹಿಡಿದುಕೊಂಡು ನಿಂತೇ ಇದ್ದ. ಅವಳು ಎದ್ದು ಬಚ್ಚಲಿಗೆ ಹೋದಳು, ತಂಬಿಗೆಯ ಸದ್ದಾಯಿತು, ನೀರು ಸುರಿಯಿತು. ಒರೆಸಿಕೊಳ್ಳಲು ಬಟ್ಟೆ ಹುಡುಕದೆ, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಬಂದು, ಅವನ ಮುಂದೆ ಒದ್ದೆ ಅಂಗೈ ಚಾಚಿದಳು.